ಜೀರಿಗೆಯ ಗಾಯ, ಗೋಡೆಯಾಚೆಯವರು

ಜನವರಿ ಹದಿನೆಂಟು, ಭಾನುವಾರ, ಬೆಳಿಗ್ಗೆ ಆರು ನಲವತ್ತು. ಹಿತ್ತಿಲ ಬಾಗಿಲು ತೆಗೆದಾಗ ಸಂಕ್ರಾಂತಿಯಿಂದ ಮನೆಗೆ ಬಾರದಿದ್ದ ನಮ್ಮ ಬೆಕ್ಕು ಜೀರಿಗೆ ಮೂರೇ ಕಾಲಲ್ಲಿ ಒಳಗೆ ಬಂತು. ಬಲಗಡೆಯ ಹಿಂಗಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಎತ್ತಿಕೊಳ್ಳಲು ಹೋದವಳ ಕೈ ಪರಚಿತು. ತೊಡೆಯ ಮೇಲೆ ನಿಂಬೆಹಣ್ಣಿನಷ್ಟು ಊತ, ಮುಟ್ಟಿದರೆ ಬಿಸಿ.

ಆ ಗಾಯವಾಗದಿದ್ದರೆ ನಾನೀಗ ಬರೆಯಹೊರಟಿರುವ ಮನುಷ್ಯರ ಪರಿಚಯವೇ ನನಗೆ ಆಗುತ್ತಿರಲಿಲ್ಲ. ಅವರ ಹೆಸರು ಗೊತ್ತಿಲ್ಲ. ಈಗ ಎಲ್ಲಿದ್ದಾರೋ ಅದೂ ಗೊತ್ತಿಲ್ಲ. ಆದರೆ ಅವರಿಗೆ ತಲುಪಬೇಕಾದ ಒಂದು ಮಾತು ನನ್ನ ಹತ್ತಿರವೇ ಉಳಿದುಬಿಟ್ಟಿದೆ. ಜೀರಿಗೆಯ ಕಾಲಿಗೆ ಆಗಿದ್ದು ಕಲ್ಲೇಟಲ್ಲ, ಇನ್ನೊಂದು ಬೆಕ್ಕು ಕಚ್ಚಿದ ಗಾಯ. ಅವರು ಕಲ್ಲೆಂದು ತಿಳಿದಿದ್ದಾರೆ, ಅದೂ ತಾವೇ ಎಸೆದ ಕಲ್ಲು ಎಂದು. ಹಾಗೆಂದು ನನ್ನ ಅನುಮಾನ. ಅನುಮಾನ ಎಂದೇ ಬರೆಯುತ್ತೇನೆ, ಯಾಕೆಂದರೆ ಅವರ ವಿಷಯದಲ್ಲಿ ನಾನು ಖಚಿತವಾಗಿ ತಿಳಿದಿದ್ದೇನೆ ಅಂದುಕೊಂಡದ್ದೆಲ್ಲ ಒಂದೊಂದಾಗಿ ಸುಳ್ಳಾಗುತ್ತ ಬಂದಿದೆ.

ನಾನು ದಿನಚರಿ ಬರೆಯುವವಳು. ಶಿವಮೊಗ್ಗದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ನನ್ನದು. ಇಡೀ ದಿನ ಜನರ ಕಣ್ಣಿನ ಅಳತೆ ಬರೆದೂ ಬರೆದೂ ಮನೆಯಲ್ಲೂ ಅದೇ ಚಾಳಿ. ಆ ತಿಂಗಳ ಪುಟಗಳಲ್ಲಿ ಜೀರಿಗೆ ಎಷ್ಟು ಹೊತ್ತಿಗೆ ಏನು ತಿಂದಿತು, ಔಷಧಿ ಎಷ್ಟು ಮಿಲಿ ಒಳಗೆ ಹೋಯಿತು, ಎಷ್ಟನ್ನು ನನ್ನ ಚೂಡಿದಾರದ ಮೇಲೆ ಉಗಿಯಿತು, ಎಲ್ಲ ಇದೆ. ಅವರ ಬಗ್ಗೆ ಇರುವುದು ತೀರಾ ಸ್ವಲ್ಪ. "ಗೋಡೆಯವರು ಬಂದರು", "ಗೋಡೆಯವರು ಹಿಡಿದರು", ಅಷ್ಟೆ.

ನಮ್ಮ ಮನೆಯಿರುವುದು ಆಲ್ಕೊಳ ಸರ್ಕಲ್‌ನಿಂದ ಒಳಗೆ ಒಂದು ಅಡ್ಡರಸ್ತೆಯಲ್ಲಿ. ಅವರ ಮನೆ ಅದರ ಮುಂದಿನ ಅಡ್ಡರಸ್ತೆಯಲ್ಲಿ. ಎರಡೂ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ, ನಡುವೆ ಒಂದು ಹಿತ್ತಿಲ ಗೋಡೆ. ನಮ್ಮ ಕಡೆ ಬೆನ್ನಿಗಿರುವ ಮನೆಯವರಷ್ಟು ದೂರದವರು ಬೇರೆ ಇಲ್ಲ. ಅರಿಶಿನ ಕುಂಕುಮಕ್ಕೆ ಎದುರು ಮನೆಯವರನ್ನು ಕರೆಯುತ್ತೇವೆ, ಪಕ್ಕದವರನ್ನು ಕರೆಯುತ್ತೇವೆ. ಹಿಂದಿನವರ ಒಗ್ಗರಣೆಯ ವಾಸನೆಯೊಂದೇ ನಮಗೆ ಗೊತ್ತಿರುವುದು. ಸಾಲದ್ದಕ್ಕೆ ಅವರ ಬಚ್ಚಲು ಗೋಡೆಯ ಪಕ್ಕದಲ್ಲೇ ಇತ್ತು. ಬೇರೆಯವರ ಹಿತ್ತಿಲಿಗೆ ಇಣುಕಬಾರದೆಂದು ಅಮ್ಮ ನನಗೆ ಚಿಕ್ಕಂದಿನಿಂದ ಹೇಳಿಟ್ಟಿದ್ದಾಳೆ.

ಬೆಕ್ಕಿಗೆ ಇದ್ಯಾವುದೂ ಇಲ್ಲ.

ಸೋಮವಾರ ಪಶುವೈದ್ಯರ ಹತ್ತಿರ ಹೋದೆವು. ಅವರು ಊತದ ಮೇಲಿನ ಕೂದಲು ಬೋಳಿಸಿ ಬೆರಳಿಟ್ಟು ತೋರಿಸಿದರು.

"ನೋಡಿ, ಇಲ್ಲೊಂದು ತೂತು, ಇಲ್ಲೊಂದು. ಹಲ್ಲು ಇಳಿದಿರೋದು. ಯಾವುದೋ ಗಂಡುಬೆಕ್ಕು, ಓಡೋವಾಗ ಹಿಂದಿನಿಂದ ಹಿಡಿದಿದೆ."

ಸೂಜಿ ಚುಚ್ಚಿದಂಥ ತೂತುಗಳು. ಅವು ಮೇಲೆ ಬೇಗ ಮುಚ್ಚಿಕೊಳ್ಳುತ್ತವೆ, ಹಲ್ಲಿನ ಕೊಳೆ ಒಳಗೇ ಉಳಿದು ಕೀವಾಗುತ್ತದೆ ಎಂದರು. ಊತ ಕೊಯ್ದು, ತೊಳೆದು, ಗಾಯವನ್ನು ತೆರೆದೇ ಬಿಟ್ಟರು.

"ಹೊಲಿಗೆ ಹಾಕಲ್ವಾ ಸರ್?"

"ಹಾಕಬಾರ್ದು. ಇದು ಒಳಗಿಂದ ಮೇಲಕ್ಕೆ ತುಂಬ್ಕೊಂಡು ಬರ್ಬೇಕು. ಮೇಲೆ ಮೊದ್ಲು ಮುಚ್ಕೊಂಡ್ರೆ ಮತ್ತೆ ಕೀವು. ಉಗುರು ಬೆಚ್ಚಗಿನ ಉಪ್ಪುನೀರಲ್ಲಿ ತೊಳೀರಿ. ಎಣ್ಣೆ ಬೇಡ, ಪುಡಿ ಬೇಡ, ಮನುಷ್ಯರ ಮಾತ್ರೆ ಅಂತೂ ಬಾಯಿಗೆ ಹಾಕ್ಲೇಬೇಡಿ, ಸತ್ತು ಹೋಗ್ತದೆ. ಮತ್ತೆ ನೆಕ್ಕೋಕೆ ಬಿಡಬೇಡಿ."

ನೆಕ್ಕದಿರಲೆಂದು ಕೊರಳಿಗೊಂದು ಪ್ಲಾಸ್ಟಿಕ್ ಕೋನ್ ತೊಡಿಸಿ ಕಳಿಸಿದರು. ಅಮ್ಮ ಬಾಗಿಲಲ್ಲೇ ನಿಂತು ನೋಡಿದಳು. "ಇದೇನೇ ಮಾರಾಯ್ತಿ, ಮೈಕ್ ಸೆಟ್ ಹಾಕ್ಕೊಂಡು ಬಂದಿದೆ."

ಎರಡು ದಿನ ಎಲ್ಲ ಸರಿಯಿತ್ತು. ಬುಧವಾರ ಸಂಜೆ ಕೆಲಸದಿಂದ ಬಂದು ನೋಡಿದರೆ ಕೊರಳಲ್ಲಿ ಕೋನ್ ಇಲ್ಲ, ಗಾಯದ ಮೇಲೆ ಹಳದಿ.

"ಅಮ್ಮಾ, ಅರಿಶಿನ ಹಚ್ಚಿದ್ಯಾ?"

"ನಾನ್ಯಾಕೆ ಹಚ್ಲಿ? ಡಾಕ್ಟ್ರು ಬೇಡ ಅಂದಿದಾರೆ ಅಂತ ನೀನೇ ಫ್ರಿಜ್ ಮೇಲೆ ಬರೆದು ಅಂಟ್ಸಿದ್ಯಲ್ಲ."

ತೊಳೆದೆ. ಔಷಧಿ ಅಂಗಡಿಯಿಂದ ಇನ್ನೊಂದು ಕೋನ್ ತಂದು ಹಾಕಿದೆ. ಗುರುವಾರ ಮತ್ತೆ ಹಳದಿ, ಮತ್ತೆ ಕೋನ್ ಇಲ್ಲ. ನಾನು ಇಲ್ಲದ ಹೊತ್ತಲ್ಲಿ ಅಮ್ಮನೇ ಕನಿಕರಪಟ್ಟು ಬಿಚ್ಚುತ್ತಿದ್ದಾಳೆ ಎಂದು ನಾನು, ನಾನೇ ಏನೋ ಹಚ್ಚಿ ಮರೆತಿದ್ದೇನೆ ಎಂದು ಅಮ್ಮ. ಶುಕ್ರವಾರ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ.

ಶನಿವಾರ ಮಧ್ಯಾಹ್ನ ಊಟಕ್ಕೆ ಬಂದವಳಿಗೆ ಗೋಡೆಯಾಚೆಯಿಂದ ಒಂದು ಗಂಡುದನಿ ಕೇಳಿಸಿತು. "ಇನ್‌ಸ್ಪೆಕ್ಟ್ರೇ, ಅಲ್ಲಾಡಬೇಡಿ. ಐದು ನಿಮಿಷದ ಕೆಲ್ಸ." ಅದರ ಹಿಂದೆಯೇ ಜೀರಿಗೆಯ ಕೂಗು.

"ಯಾರದು ಅಲ್ಲಿ?" ಎಂದೆ. ಬಟ್ಟೆ ಒಗೆಯುವ ಕಲ್ಲು ಹತ್ತಿ ನಿಂತೆ, ಇಣುಕಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಮೊದಲು ಬಿಳಿ ತಲೆಗೂದಲು ಕಂಡಿತು, ಆಮೇಲೆ ಕಡ್ಡಿಗೆ ಕಪ್ಪು ದಾರ ಸುತ್ತಿದ ಕನ್ನಡಕ, ಆಮೇಲೆ ಎದೆಗೆ ಅವುಚಿಕೊಂಡ ನಮ್ಮ ಬೆಕ್ಕು.

"ಅದು ನಮ್ಮ ಬೆಕ್ಕು," ಎಂದೆ.

"ಇದಾ? ಇದು ಇನ್‌ಸ್ಪೆಕ್ಟ್ರು. ನಾವು ಈ ಮನೆಗೆ ಬಂದು ಎರಡು ವರ್ಷ, ಆಗಿಂದ ಮಧ್ಯಾಹ್ನದ ಡ್ಯೂಟಿ ಇಲ್ಲೇ."

"ಅದರ ಹೆಸರು ಜೀರಿಗೆ."

"ಇರ್ಬಹುದು. ಆ ಕಡೆ ಜೀರಿಗೆ ಇರ್ಲಿ, ಈ ಕಡೆ ಇನ್‌ಸ್ಪೆಕ್ಟ್ರು."

"ಕೋನ್ ಬಿಚ್ಚಿದ್ದು ನೀವಾ?"

"ಕೋನಾ? ಯಾರೋ ಪೋಲಿಗಳು ಪಾಪದ ಪ್ರಾಣಿ ಕೊರಳಿಗೆ ಪ್ಲಾಸ್ಟಿಕ್ ಸಿಗಿಸಿ ಬಿಟ್ಟಿದಾರೆ ಅಂದ್ಕೊಂಡೆ. ಎರಡು ಸಲ ಬಿಚ್ದೆ. ಎರಡನೇ ಸಲ ಬಯ್ದೂ ಬಿಟ್ಟೆ, ಯಾರಿಗೆ ಅಂತ ಗೊತ್ತಿರ್ಲಿಲ್ಲ." ನನ್ನ ಮುಖ ನೋಡಿದರು. "ನಿಮ್ಗಾ ಅದು?"

ನನಗೆ ನಗು ಬರಲಿಲ್ಲ. ಅವರು ದಿನವೂ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಗಾಯಕ್ಕೆ ಮೆತ್ತುತ್ತಿದ್ದರು, ನಾನು ಬೆಳಿಗ್ಗೆ ತೆರೆದಿಟ್ಟದ್ದು ಮಧ್ಯಾಹ್ನ ಮುಚ್ಚುತ್ತಿತ್ತು. ಬೆಕ್ಕನ್ನು ಇಸಿದುಕೊಂಡು ನೋಡಿದರೆ ಮೇಲೆ ಗಟ್ಟಿ ಹಕ್ಕಳೆ, ಕೆಳಗೆ ಮತ್ತೆ ಊತ. ಮೈ ಸುಡುತ್ತಿತ್ತು. ಮೂಗಿನ ಹತ್ತಿರ ಮೀನು ಹಿಡಿದರೂ ಮುಖ ತಿರುಗಿಸಿತು. ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. "ನಿಮ್ಮ ಅರಿಶಿನದಿಂದ ಇದು ಸಾಯುತ್ತೆ ಅಂಕಲ್" ಎಂದದ್ದು ನೆನಪಿದೆ. ಅಷ್ಟರಲ್ಲಿ ಅವರ ಮನೆಯೊಳಗಿಂದ ಲೋಟ ಬಡಿದ ಸದ್ದು ಬಂತು, ಟಣ್ ಟಣ್ ಎಂದು. "ಸೈರನ್ ಆಯ್ತು" ಎಂದು ಹೇಳಿ ತಲೆ ಕೆಳಗಿಳಿಯಿತು. ಇಂಥ ಹೊತ್ತಲ್ಲಿ ತಮಾಷೆ ಮಾಡುವ ಮನುಷ್ಯ ಎಂದು ನನಗೆ ಇನ್ನೂ ಸಿಟ್ಟು ಬಂತು.

ಮರುದಿನ ಭಾನುವಾರ, ಅದರ ಮರುದಿನ ಗಣರಾಜ್ಯೋತ್ಸವದ ರಜೆ. ವೈದ್ಯರು ಊರಲ್ಲಿರಲಿಲ್ಲ. ಫೋನಿನಲ್ಲಿ ಹೇಳಿದರು: "ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಶಾಖ ಕೊಡಿ. ಹಿಚುಕಬೇಡಿ. ಹಕ್ಕಳೆ ಮೆತ್ತಗಾಗಿ ತಾನೇ ಬಿಟ್ಕೊಳ್ತದೆ. ಉಸಿರು ಜೋರಾದ್ರೆ, ವಸಡು ಬಿಳಿಚ್ಕೊಂಡ್ರೆ ನನಗೆ ಕಾಯಬೇಡಿ, ಯಾರ ಹತ್ರಾನಾದ್ರೂ ಕರ್ಕೊಂಡ್ಹೋಗಿ."

ಶಾಖ ಕೊಡಲು ಒಬ್ಬರು ಹಿಡಿಯಬೇಕು, ಒಬ್ಬರು ಬಟ್ಟೆ ಇಡಬೇಕು. ಅಮ್ಮ ಹಿಡಿದರೆ ಜೀರಿಗೆ ಜಾರುತ್ತಿತ್ತು, ನಾನು ಹಿಡಿದರೆ ಕಚ್ಚುತ್ತಿತ್ತು. ಭಾನುವಾರ ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ ಗೋಡೆಯ ಮೇಲೆ ಮತ್ತೆ ಆ ಬಿಳಿ ಕೂದಲು.

"ನಾನು ಹಿಡೀಲಾ ಡಾಕ್ಟ್ರಮ್ಮ?"

"ನಾನು ಡಾಕ್ಟ್ರಲ್ಲ."

"ಬೈಗುಳ ಡಾಕ್ಟ್ರ ಥರಾನೇ ಇತ್ತು."

ಅಮ್ಮ ನನ್ನ ಮುಖ ನೋಡಿದಳು. ಬೇರೆ ದಾರಿಯೂ ಇರಲಿಲ್ಲ. ಗೋಡೆಯ ಮೇಲೆ ಗೋಣಿಚೀಲ ಮಡಿಸಿ ಹಾಸಿ ಜೀರಿಗೆಯನ್ನು ಮಲಗಿಸಿದೆವು. ತಲೆ, ಮುಂಗಾಲು ಅವರ ಕಡೆ. ಗಾಯದ ಕಾಲು ನನ್ನ ಕಡೆ. ಅವರು ಒಂದು ಹಳೆಯ ಟವೆಲ್ಲಿನಲ್ಲಿ ಅದರ ಮುಂಗಾಲುಗಳನ್ನು ಸುತ್ತಿ, ಕಣ್ಣು ಮುಚ್ಚುವ ಹಾಗೆ ಅಂಗೈ ಇಟ್ಟರು. ಬೆಕ್ಕು ಒಂದೇ ಸಲಕ್ಕೆ ಸುಮ್ಮನಾಯಿತು. ನಾನು ಬಟ್ಟೆ ಇಡುತ್ತ ಏನೋ ಹೇಳಲು ಬಾಯಿ ತೆರೆದೆ. ಅವರು ಖಾಲಿ ಇದ್ದ ಕೈಯ ಮುಷ್ಟಿ ಎತ್ತಿ ತೋರಿಸಿದರು. ನಿಲ್ಲಿಸು ಎಂದು ಅರ್ಥ. ಆಮೇಲೆ ಬೆರಳು ಕೆಳಗೆ ಮಾಡಿ ಸಣ್ಣಗೆ ತಿರುಗಿಸಿದರು. ಇಳಿಸು, ನಿಧಾನ.

ಬಟ್ಟೆ ಬದಲಿಸುವ ಬಿಡುವಿನಲ್ಲಿ ಹೇಳಿದರು: "ಲೋಡ್ ತೂಗಾಡ್ತಿರೋವಾಗ ಯಾರೂ ಬಾಯಿ ಬಿಡಬಾರ್ದು. ಭದ್ರಾವತಿ ಫ್ಯಾಕ್ಟರೀಲಿ ಕ್ರೇನಲ್ಲಿದ್ದೆ ನಾನು. ಅಲ್ಲಿ ಕೂಗಿದ್ರೂ ಕೇಳ್ಸಲ್ಲ, ಎಲ್ಲ ಕೈಯಲ್ಲೇ. ಬೆಕ್ಕಿಗೂ ಅದೇ ವಾಸಿ."

ಆ ದಿನ ಹೀಗೆ ಆರು ಸಲ. ನಾಲ್ಕನೆಯ ಸಲಕ್ಕೆ ಲೋಟ ಬಡಿಯಿತು, "ಸೈರನ್" ಎಂದು ಹೋದರು, ಬಂದರು. ಆರನೆಯ ಸಲ, ಸಂಜೆ ಬೆಳಕಿರುವಾಗಲೇ, ಬಟ್ಟೆಯ ಕೆಳಗೆ ಏನೋ ಸಡಿಲಾಯಿತು. ಹಕ್ಕಳೆಯ ಒಂದು ಅಂಚು ಬಿಟ್ಟುಕೊಂಡು ಕೀವು, ರಕ್ತ ಹರಿದು ಗೋಡೆಯ ಮೇಲಿಂದ ನನ್ನ ಕಡೆ ಇಳಿಯಿತು. ಆ ನಾತಕ್ಕೆ ಅಮ್ಮ ಸೆರಗು ಮೂಗಿಗಿಟ್ಟುಕೊಂಡು ಒಳಗೆ ಹೋದಳು. ಅವರ ಮುಖ ಮಾತ್ರ ಅರಳಿತು.

"ಫರ್ನೇಸ್ ಟ್ಯಾಪ್ ಆಯ್ತು ಡಾಕ್ಟ್ರಮ್ಮ, ಕುಲುಮೆ ಬಾಯಿ ಬಿಡ್ತು."

ಏಳೂವರೆಗೆ ಜೀರಿಗೆ ಎರಡು ಚಮಚ ಮೀನಿನ ನೀರು ನೆಕ್ಕಿತು. ದಿನಚರಿಯಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅವರ ಹೆಸರು ಕೇಳಬೇಕು ಎಂದು ಹೊಳೆಯಲೇ ಇಲ್ಲ.

ಅಲ್ಲಿಂದ ಗೋಡೆಯೇ ನಮ್ಮ ಆಸ್ಪತ್ರೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ನಾವಿಬ್ಬರೂ ತೊಳೆಯುತ್ತಿದ್ದೆವು. ಮಧ್ಯಾಹ್ನದ್ದು ಅವರೊಬ್ಬರದೇ. ಕೋನ್ ಅವರಿಗೆ ಕೊನೆಯವರೆಗೂ ಸೇರಲಿಲ್ಲ. ತಮ್ಮ ಹಿತ್ತಿಲಲ್ಲಿ ಅದನ್ನು ಬಿಚ್ಚಿ, ಬೆಕ್ಕು ನೆಕ್ಕದ ಹಾಗೆ ಅದರ ತಲೆಯ ಮೇಲೆ ಕೈ ಇಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರಂತೆ. ಅವರೇ ಹೇಳಿದ್ದು. "ಕಣ್ಣಿಗೆ ಪಟ್ಟಿ ಕಟ್ಟಿದ ಕುದುರೆ ಥರ ಇನ್‌ಸ್ಪೆಕ್ಟ್ರು ಯಾಕಿರ್ಬೇಕು? ನನಗೇನು ಬೇರೆ ಕೆಲ್ಸ?"

ಬೆಕ್ಕನ್ನು ಅವರು ಎಂದೂ ಏಕವಚನದಲ್ಲಿ ಕರೆಯಲಿಲ್ಲ. ಆದರೆ ಒಂದೇ ಒಂದು ಸಲ ಮುದ್ದು ಮಾಡಿದ್ದನ್ನೂ ನಾನು ನೋಡಲಿಲ್ಲ. ಒಮ್ಮೆ ಅಮ್ಮ ಕೇಳಿದಳು, "ನಿಮಗೆ ಬೆಕ್ಕು ಅಂದ್ರೆ ಪ್ರಾಣ ಅಲ್ವಾ?"

"ಇಲ್ಲ ಅಕ್ಕ. ನಂಗೆ ಬೆಕ್ಕು ಅಂದ್ರೆ ಆಗಲ್ಲ," ಎಂದರು. ಹೇಳುವಾಗ ಜೀರಿಗೆಯ ಕಿವಿಯ ಹಿಂದಿನ ಉಣ್ಣೆಹುಳ ತೆಗೆಯುತ್ತಿದ್ದರು.

ಅಮ್ಮ ಕೊಟ್ಟ ಯಾವುದನ್ನೂ ಅವರು ಗೋಡೆಯ ಮೇಲೆ ತಿನ್ನುತ್ತಿರಲಿಲ್ಲ. ಕಡುಬು ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡು "ಒಳಗೆ ಹೋಗಿ ತಿಂತೀವಿ" ಎನ್ನುತ್ತಿದ್ದರು. ತಿಂತೀವಿ ಎಂದದ್ದು ನನ್ನ ಕಿವಿಗೆ ಬಿದ್ದಿತ್ತು. ಇನ್ನೊಬ್ಬರು ಯಾರು ಎಂದು ನಾವು ಕೇಳಲಿಲ್ಲ. ಕೇಳುವುದು ಇಣುಕಿದ ಹಾಗೆ ಎಂದು ಅಮ್ಮನಿಗೆ. ನನ್ನ ಗಮನವೆಲ್ಲ ಗಾಯದ ಮೇಲೆ.

ಅವರ ವಿಷಯದಲ್ಲಿ ನಾನು ನಿಖರವಾಗಿ ಹೇಳಬಲ್ಲದ್ದು ಕನ್ನಡಕ ಒಂದನ್ನೇ. ಗಾಜಿನ ಅಂಚಿನ ದಪ್ಪ ನೋಡಿದರೆ ದೂರದ್ದು ಕಾಣದ ಕಣ್ಣು. ಗಾಜು ಗೀರು ಬಿದ್ದು ಹಳೆಯದಾಗಿತ್ತು, ಈಗಿನ ಕಣ್ಣಿಗೆ ಸಾಲುವಂತಿರಲಿಲ್ಲ. ನಮ್ಮ ಅಂಗಡಿಗೆ ಬನ್ನಿ, ಪರೀಕ್ಷೆ ಮಾಡಿಕೊಡ್ತೀನಿ ಎಂದು ಎರಡು ಮೂರು ಸಲ ಕರೆದೆ.

"ಹತ್ರದ್ದು ಕಾಣ್ತದಲ್ಲ," ಎಂದು ಗಾಯದ ಕಡೆ ಬೆರಳು ಮಾಡಿದರು. "ಸಾಕು."

ಫೆಬ್ರವರಿಯ ಮೊದಲ ವಾರ ಗಾಯದೊಳಗೆ ಕೆಂಪು ಮಾಂಸ ತುಂಬಿಕೊಂಡು ಬರತೊಡಗಿತು. ಜೀರಿಗೆ ನಾಲ್ಕೂ ಕಾಲು ಊರಿತು. ಆಗಲೇ ಒಂದು ಸಂಜೆ ಅವರು ಕೇಳಿದ್ದು:

"ಡಾಕ್ಟ್ರಮ್ಮ, ಇಂಥ ಗಾಯ ಏನ್ರಿಂದ ಆಗ್ತದೆ?"

ನಾನು ಸಿರಿಂಜಿಗೆ ಸಿರಪ್ ಎಳೆಯುತ್ತಿದ್ದೆ, ಗೆರೆಯ ಮೇಲೆ ಕಣ್ಣಿಟ್ಟು. "ಏನ್ರಿಂದ ಬೇಕಾದ್ರೂ ಆಗ್ಬಹುದು ಅಂಕಲ್. ಒಳಗೆ ಕೊಳೆ ಸೇರಿದ್ರೆ ಆಯ್ತು."

"ಏಟು ಬಿದ್ರೆ?"

"ಆಗ್ಬಹುದು."

ಅವರು ಬೆಕ್ಕಿಗೆ ಸುತ್ತಿದ ಟವೆಲ್ ಸರಿಮಾಡಿದರು. ವೈದ್ಯರು ಹಲ್ಲಿನ ತೂತು ತೋರಿಸಿದ್ದು ಅವರಿಗೂ ಗೊತ್ತಿದೆ ಎಂದೇ ನಾನು ತಿಳಿದಿದ್ದೆ. ಅಮ್ಮನಿಗೆ ಹೇಳಿದ್ದೆ, ಅಂಗಡಿಯಲ್ಲಿ ಹೇಳಿದ್ದೆ, ಎದುರು ಮನೆಯವರಿಗೂ ಹೇಳಿದ್ದೆ. ದಿನಾ ಗಾಯವನ್ನೇ ನೋಡುವವರಿಗೆ ಪ್ರತ್ಯೇಕವಾಗಿ ಹೇಳಬೇಕೆಂದು ಅನ್ನಿಸಲಿಲ್ಲ. ಅವರು ಗಾಯ ಮೊದಲು ನೋಡುವ ಹೊತ್ತಿಗೆ ವೈದ್ಯರು ಅದನ್ನು ಕೊಯ್ದಾಗಿತ್ತು, ಆ ತೂತುಗಳು ಇರಲೇ ಇಲ್ಲ ಎಂಬುದು ಈಗ ಬರೆಯುವಾಗ ಹೊಳೆಯುತ್ತಿದೆ.

ಫೆಬ್ರವರಿ ಹನ್ನೆರಡು, ಗುರುವಾರ, ಬೆಳಿಗ್ಗೆ ಅವರು ಬರಲಿಲ್ಲ. ಸಂಜೆಯೂ ಇಲ್ಲ. ಗಾಯ ಆಗ ಹೆಸರುಕಾಳಿನಷ್ಟು ಉಳಿದಿತ್ತು, ನಾನೊಬ್ಬಳೇ ತೊಳೆದೆ. ಶುಕ್ರವಾರ ಕೂಗಿದೆ, ಉತ್ತರವಿಲ್ಲ. ಭಾನುವಾರ ಅಮ್ಮ ಹೇಳಿದಳು, "ಮುಂದಿನಿಂದ ಹೋಗಿ ನೋಡ್ಕೊಂಡು ಬಾ. ಹುಷಾರಿಲ್ವೇನೋ ಪಾಪ."

ನಮ್ಮ ರಸ್ತೆಯಿಂದ ಹೊರಬಿದ್ದು, ಮುಖ್ಯರಸ್ತೆಗೆ ಬಂದು, ಮುಂದಿನ ತಿರುವಿನಲ್ಲಿ ಒಳಗೆ ಹೋಗಬೇಕು. ಹುಟ್ಟಿದಾಗಿಂದ ಇಲ್ಲೇ ಇದ್ದರೂ ಆ ಅಡ್ಡರಸ್ತೆಯಲ್ಲಿ ಕಾಲಿಟ್ಟದ್ದು ನೆನಪಿಲ್ಲ. ಮನೆ ಯಾವುದೆಂದು ಗುರುತಿಸಲು ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕ್ ಎಲ್ಲಿ ಕಾಣುತ್ತದೆ ಎಂದು ನೋಡಿಕೊಂಡು ಹೋದೆ. ಬಾಗಿಲಿಗೆ ಬೀಗ. ಪಕ್ಕದಲ್ಲಿ ಸ್ಕೂಟರ್ ರಿಪೇರಿಯ ಒಂದು ಗ್ಯಾರೇಜು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಎದ್ದು ಬಂದರು.

"ಭಾಯ್, ಈ ಮನೆಯವರು ಎಲ್ಲಿ ಹೋದ್ರು? ಎತ್ತರಕ್ಕಿದ್ರಲ್ಲ, ಬಿಳಿ ಕೂದಲು."

"ಎತ್ತರ? ಇಲ್ಲಿ ಎತ್ತರದೋರು ಯಾರೂ ಇಲ್ಲ ಮೇಡಂ. ಈ ಮನೇಲಿದ್ದೋರು ಕುಳ್ಳಕ್ಕಿದ್ರು." ತಮ್ಮ ಭುಜ ತೋರಿಸಿದರು. "ಇಷ್ಟೇ ಎತ್ತರ. ಕನ್ನಡಕಕ್ಕೆ ದಾರ?"

"ಹೌದು."

"ಅವ್ರೇ. ಬುಧವಾರ ಸಂಜೆ ಹೋದ್ರು. ಅವ್ರ ಬೀಬಿಗೆ ಕಾಯಿಲೆ ಜಾಸ್ತಿ ಆಯ್ತು, ಮಗಳು ಕಾರ್ ತಂದು ಭದ್ರಾವತಿಗೆ ಕರ್ಕೊಂಡೋದ್ಳು. ಸಾಮಾನು ನಿನ್ನೆ ಹೋಯ್ತು. ಅವ್ರ ಬೀಬಿ ಎದ್ದು ಓಡಾಡ್ತಿರ್ಲಿಲ್ಲ, ನಿಮ್ಗೆ ಗೊತ್ತಿಲ್ವಾ? ಏನಾದ್ರೂ ಬೇಕು ಅಂದ್ರೆ ಮಂಚದ ಮೇಲಿಂದಾನೇ ಲೋಟ ಬಡೀತಿದ್ರು. ನಮ್ಗೆ ಇಲ್ಲಿಗೂ ಕೇಳ್ಸೋದು."

ಸೈರನ್ ಎಂದರೆ ಆ ಲೋಟ. "ನಮ್ಮ ಬೆಕ್ಕನ್ನ ಅವರೇ ನೋಡ್ಕೊಂಡ್ರು" ಎಂದೆ.

ಅವರು ನಕ್ಕರು. "ಆ ಸಾಹೇಬ್ರು? ಬೆಕ್ಕು ನೋಡ್ಕೊಂಡ್ರಾ? ಬೆಕ್ಕು ಕಂಡ್ರೆ ಆಗ್ತಿರ್ಲಿಲ್ಲ ಮೇಡಂ ಅವ್ರಿಗೆ. ಸಂಕ್ರಾಂತಿ ದಿನ ಇಲ್ಲೇ, ಈ ಮೋರಿ ಮೇಲೆ ಎರಡು ಬೆಕ್ಕು ಜಗಳ ಹಚ್ಕೊಂಡಿದ್ವು. ಒಂದು ದಪ್ಪ ಕರೀದು, ಒಂದು ಜೀರಿಗೆ ಬಣ್ಣದ್ದು. ಏನ್ ಗಲಾಟೆ. ಒಳಗೆ ಬೀಬಿಗೆ ಆಗಷ್ಟೇ ನಿದ್ದೆ ಹತ್ತಿತ್ತಂತೆ. ಇವ್ರು ಬಂದು ಕಲ್ಲು ತಗೊಂಡು ಬೀಸಿ ಒಗೆದ್ರು. ಜೀರಿಗೆ ಬಣ್ಣದ್ದು ಕಿರ್ ಅಂತ ಕೂಗಿ ಕುಂಟ್ಕೊಂಡು ಹೋಯ್ತು."

"ಕಲ್ಲು ಅದಕ್ಕೆ ತಾಗಿದ್ದು ನೀವು ನೋಡಿದ್ರಾ?"

"ತಾಗಿರ್ಬೇಕಲ್ಲ. ಕುಂಟ್ತಲ್ಲ." ಸ್ವಲ್ಪ ಯೋಚಿಸಿದರು. "ತಾಗಿದ್ದು ನೋಡಿಲ್ಲ ಅನ್ನಿ. ಆಮೇಲೆ ಎರಡು ದಿನ ಬಂದು ಬಂದು ನನ್ನ ಕೇಳ್ತಿದ್ರು, ಆ ಬೆಕ್ಕು ಈ ಕಡೆ ಬಂತಾ, ಕುಂಟ್ತಿತ್ತಾ ಅಂತ. ಬರ್ಲಿಲ್ಲ ಬಿಡಿ, ಕಾಟ ತಪ್ಪಿತಲ್ಲ ಅಂದೆ. ಮುಖ ಸಿಂಡರಿಸ್ಕೊಂಡು ಒಳಗೋದ್ರು."

ಹೆಸರು, ಫೋನ್ ನಂಬರು ಎರಡೂ ಅವರಿಗೂ ಗೊತ್ತಿರಲಿಲ್ಲ, ಸಾಹೇಬ್ರು ಎಂದೇ ಕರೆಯುತ್ತಿದ್ದರಂತೆ. ಮನೆಗೆ ಬಂದು ಒಗೆಯುವ ಕಲ್ಲು ಹತ್ತಿದೆ. ಜೀವನದಲ್ಲಿ ಮೊದಲ ಸಲ ಗೋಡೆಯಾಚೆಗೆ ಬಗ್ಗಿ ನೋಡಿದೆ. ಗೋಡೆಯ ಬುಡದಲ್ಲಿ ಸಿಮೆಂಟಿನ ಇಟ್ಟಿಗೆಗಳನ್ನು ಮೂರು ಸುತ್ತು ಪೇರಿಸಿ, ಅಲುಗದಂತೆ ಸಂದಿಗೆ ಹಂಚಿನ ಚೂರು ಸಿಕ್ಕಿಸಿ, ಮೇಲೊಂದು ಕಾಲೊರಸು ಹಾಸಿತ್ತು. ದಿನಾ ಅದರ ಮೇಲೆ ಹತ್ತಿ ನಿಂತು ಬೆಕ್ಕು ಹಿಡಿಯುತ್ತಿದ್ದರು. ನನಗೆ ಅವರು ಎತ್ತರದ ಮನುಷ್ಯರು.

ಅಂದಿನಿಂದ ನನಗೆ ಒಂದಕ್ಕೊಂದು ಕೂಡುತ್ತಿಲ್ಲ. ಆ ಕನ್ನಡಕದಲ್ಲಿ, ಬಾಗಿಲಿನಿಂದ ಮೋರಿಯವರೆಗಿನ ದೂರದಲ್ಲಿ, ಕಲ್ಲು ಯಾವ ಬೆಕ್ಕಿಗೆ ಬಿತ್ತು ಎಂದು ಅವರಿಗೆ ಕಂಡಿರಲಾರದು. ಯಾವುದಕ್ಕೂ ಬೀಳದೆಯೂ ಇರಬಹುದು. ಕರಿಬೆಕ್ಕಿಗೆ ಗುರಿಯಿಟ್ಟಿದ್ದರೋ, ಸದ್ದಿಗೆ ಗುರಿಯಿಟ್ಟಿದ್ದರೋ. ಎರಡು ವರ್ಷದಿಂದ ಮಧ್ಯಾಹ್ನ ತಾವೇ ಹಿತ್ತಿಲಿಗೆ ಕರೆದು ಅನ್ನ ಹಾಕುತ್ತಿದ್ದ ಇನ್‌ಸ್ಪೆಕ್ಟರು ಅದೇ ಬೆಕ್ಕು ಎಂದು ಕಲ್ಲೆತ್ತುವ ಮೊದಲು ಗೊತ್ತಿತ್ತೋ, ಕೂಗು ಕೇಳಿದ ಮೇಲೆ ಗೊತ್ತಾಯಿತೋ. ಬೆಕ್ಕು ಅಂದರೆ ಆಗಲ್ಲ ಎಂದು ನಮಗೆ ಹೇಳಿದ್ದು ನಿಜವೋ, ಬೀದಿಯವರಿಗಾಗಿ ಹೇಳಿ ಹೇಳಿ ರೂಢಿಯಾಗಿತ್ತೋ. ಅಮ್ಮನನ್ನು ಕೇಳಿದರೆ, "ಪಾಪಪ್ರಜ್ಞೆಗೆ ಮಾಡಿದ್ರೆ ಇಷ್ಟು ಚೆನ್ನಾಗಿ ಹಿಡಿಯೋಕೆ ಬರಲ್ಲ ಕಣೇ" ಎನ್ನುತ್ತಾಳೆ. ಮರುದಿನ, "ಅದಕ್ಕೇ ಬಂದಿರ್ಬೇಕು" ಎನ್ನುತ್ತಾಳೆ.

ಮಾರ್ಚ್‌ನಲ್ಲಿ ಎರಡು ಭಾನುವಾರ ಭದ್ರಾವತಿಗೆ ಹೋದೆ. ಬಸ್ಸು ಮಲವಗೊಪ್ಪ ದಾಟುವಾಗ, ಏನೆಂದು ಕೇಳಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಫ್ಯಾಕ್ಟರಿಯ ಕ್ವಾರ್ಟರ್ಸ್ ಸಾಲುಗಳಲ್ಲಿ ಅದನ್ನೇ ಕೇಳಿದೆ: ಶಿವಮೊಗ್ಗದಿಂದ ಈಚೆಗೆ ಬಂದವರು, ಕ್ರೇನ್ ಆಪರೇಟರ್ ಆಗಿದ್ದು ನಿವೃತ್ತರಾದವರು, ಹೆಂಡತಿಗೆ ಕಾಯಿಲೆ.

ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದ ಒಬ್ಬ ತಮಿಳು ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪೇರು ಏನು?"

"ಹೆಸರು ಗೊತ್ತಿಲ್ಲ ಅಜ್ಜಿ."

"ಹೆಸ್ರು ಗೊತ್ತಿಲ್ದೆ ಆಳು ಹುಡುಕ್ಕೊಂಡು ಬಂದಿದ್ಯಾ ಕಣ್ಣು? ಸಾಲ ಏನಾದ್ರೂ ಕೊಟ್ಟಿದ್ಯಾ?"

"ಇಲ್ಲ. ಒಂದು ವಿಷಯ ಹೇಳ್ಬೇಕಿತ್ತು."

"ಒಳ್ಳೇದಾ, ಕೆಟ್ಟದ್ದಾ?"

"ಒಳ್ಳೇದೇ."

"ಹಂಗಾದ್ರೆ ಯಾರಿಗೆ ಹೇಳಿದ್ರೂ ತಗೋತಾರೆ, ನನಗೇ ಹೇಳು," ಎಂದು ನಕ್ಕು, ಸಾಲಿನ ಕೊನೆಯ ಮನೆಯ ಯಜಮಾನರ ಹತ್ತಿರ ಕಳಿಸಿದರು. ಅವರು ಅದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ನಾನು ಕೈಯಿಂದ ಮುಷ್ಟಿ, ಬೆರಳಿನ ಸುತ್ತು, ಎರಡನ್ನೂ ಮಾಡಿ ತೋರಿಸಿದೆ. ಅವರು ಥಟ್ಟನೆ ಹೇಳಿದರು:

"ಇದು ಆಪರೇಟರ್ ಮಾಡೋದಲ್ಲಮ್ಮ. ಆಪರೇಟರ್ ಮೇಲೆ ಕ್ಯಾಬಿನ್ನಲ್ಲಿ ಕೂತಿರ್ತಾನೆ, ಅವನ ಕೈಗೆ ಹ್ಯಾಂಡಲ್ ಇರ್ತದೆ. ಕೆಳಗೆ ನಿಂತು ಕೈ ತೋರ್ಸೋನು ಬೇರೆ, ಸಿಗ್ನಲ್ ಕೊಡೋನು. ಅವನು ಕೈ ತೋರ್ಸಿದ ಹಾಗೆ ಲೋಡ್ ಇಳೀತದೆ. ತಪ್ಪು ತೋರ್ಸಿದ್ರೆ ಕೆಳಗಿದ್ದೋನ ಕಥೆ ಮುಗೀತು. ನೀನು ಹುಡುಕ್ತಿರೋದು ಆ ಮನುಷ್ಯನ್ನ. ಅಂಥೋರು ಸುಮಾರು ಜನ ಇದ್ರು. ಎಲ್ಲ ಒಂದೊಂದು ಕಡೆ ಚದುರಿ ಹೋದ್ರು."

ಅಂದರೆ ನಾನು ಬೇರೆ ಕೆಲಸದ ಒಬ್ಬ ಮನುಷ್ಯನನ್ನು ಎರಡು ಭಾನುವಾರ ಹುಡುಕಿದ್ದೆ. "ಕ್ರೇನಲ್ಲಿದ್ದೆ" ಎಂದಷ್ಟೇ ಅವರು ಹೇಳಿದ್ದು. ಆಪರೇಟರ್ ಎಂದು ಸೇರಿಸಿದ್ದು ನಾನು.

ಜೀರಿಗೆಯ ಗಾಯ ಪೂರ್ತಿ ವಾಸಿಯಾಗಿದೆ. ಕೂದಲೂ ಬಂದಿದೆ, ಹುಡುಕಿದರೆ ಬೆರಳಿಗೆ ಒಂದು ಗಂಟು ಸಿಗುತ್ತದೆ. ಹಿಂದಿನ ಮನೆಗೆ ಬೇರೆಯವರು ಬಂದಿದ್ದಾರೆ. ಅವರನ್ನು ನಾನೇ ಮುಂದಿನಿಂದ ಹೋಗಿ ಮಾತಾಡಿಸಿ, ಹೆಸರು ಕೇಳಿಕೊಂಡು ಬಂದೆ.

ಇದನ್ನು ಓದುವವರಲ್ಲಿ ಅವರನ್ನು ಬಲ್ಲವರು ಯಾರಾದರೂ ಇರಬಹುದು. ಅವರ ಮಗಳೇ ಓದಬಹುದು. ವಿಳಾಸ ಕೊಡಲು ಅವರಿಗೆ ಇಷ್ಟವಿಲ್ಲದಿದ್ದರೆ ಬೇಡ. ನಾನು ಬಂದು ಕದ ತಟ್ಟುವುದಿಲ್ಲ. ಅವರಿಗೆ ಬಿಡುವಿರುವ ಹೊತ್ತು ನೋಡಿ ಇಷ್ಟು ಹೇಳಿ: ಕೊಯ್ಯುವ ಮೊದಲು ಅಲ್ಲಿ ಎರಡು ಹಲ್ಲಿನ ಗುರುತಿತ್ತು, ವೈದ್ಯರು ಬೆರಳಿಟ್ಟು ತೋರಿಸಿದರು, ನಾನು ಕಣ್ಣಾರೆ ನೋಡಿದ್ದೇನೆ. ಕರಿಬೆಕ್ಕು ಕಚ್ಚಿದ್ದು. ಆ ದಿನ ಕಲ್ಲು ಬಂದು ಅದು ಬಿಟ್ಟು ಓಡಿರದಿದ್ದರೆ ಇನ್ನೂ ಎಲ್ಲೆಲ್ಲಿ ಕಚ್ಚುತ್ತಿತ್ತೋ ಗೊತ್ತಿಲ್ಲ.

ಹೇಳಿದ ಮೇಲೆ ಅವರು ಏನಂದರು ಎಂದು ಈ ಪತ್ರಿಕೆಯ ವಿಳಾಸಕ್ಕೆ ನನಗೊಂದು ಸಾಲು ಬರೆಯಿರಿ. ಏನೂ ಅನ್ನದಿದ್ದರೆ ಅದನ್ನೂ ಬರೆಯಿರಿ.